ಗಡ್ಡೆ ಸೀಳಿದ್ದು ಎಲ್ಲಿ

ಆ ಮಂಗಳವಾರ ಮಧ್ಯಾಹ್ನ ನಾನು ಲ್ಯಾಬಿಗೆ ಬಂದಾಗ ಮೇಜಿನ ಮೇಲೆ ಮುಚ್ಚಳ ಹಾಕಿದ ಎನಾಮಲ್ ಬಕೆಟ್ ಕಾಯುತ್ತಿತ್ತು. ಹಿಡಿಗೆ ಕಟ್ಟಿದ್ದ ಚೀಟಿಯಲ್ಲಿ ಒಬ್ಬ ಹುಡುಗಿಯ ಹೆಸರು, ವಯಸ್ಸು ಹತ್ತೊಂಬತ್ತು, ಊರು ಸಾರಕ್ಕಿ, ‘ಬಲಗಡೆ ಅಂಡಾಶಯದ ಗಡ್ಡೆ’ ಎಂದು ಬರೆದಿತ್ತು. ಚೀಟಿ ಸರಿಯಾಗಿ ಬರೆದಿದ್ದಾರಲ್ಲ ಎಂದು ಸಂತೋಷಪಟ್ಟೆ. ಚೀಟಿ ಸರಿ ಇಲ್ಲದಿದ್ದರೆ ನಾನು ಕೂಗಾಡುವುದು ಇಡೀ ನರ್ಸಿಂಗ್ ಹೋಮಿಗೆ ಗೊತ್ತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನನಗೆ ಹಿಂದೆ ಪಾಠ ಹೇಳಿದ್ದ ಲೇಡಿ ಸರ್ಜನ್ ಒಬ್ಬರು ಅಲ್ಲಿ ಎಂಟು ಹಾಸಿಗೆಯ ನರ್ಸಿಂಗ್ ಹೋಂ ತೆರೆದಿದ್ದರು. ಅದರ ಹಿಂದಿನ ಔಟ್‌ಹೌಸೇ ನನ್ನ ಲ್ಯಾಬು. ಬೆಳಗ್ಗೆ ಊರೊಳಗಿನ ಕಾಲೇಜಿನಲ್ಲಿ ಪೆಥಾಲಜಿ ಪಾಠ ಹೇಳಿ, ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಮಧ್ಯಾಹ್ನದಿಂದ ಇಲ್ಲಿ ಕೂರುತ್ತಿದ್ದೆ. ಜೊತೆಗೆ ನನಗಿಂತ ಹದಿನೈದು ವರ್ಷ ದೊಡ್ಡವರಾದ ಟೆಕ್ನಿಷಿಯನ್ ಒಬ್ಬರಿದ್ದರು. ಕೆಲಸದಲ್ಲಿ ನನಗಿಂತ ಚೊಕ್ಕ, ಮಾತಿನಲ್ಲಿ ನನಗಿಂತ ಕಡಿಮೆ.

ಬಕೆಟ್ಟಿನಿಂದ ಗಡ್ಡೆಯನ್ನು ಎತ್ತಿ ತಕ್ಕಡಿಯಲ್ಲಿಟ್ಟೆ. ಸಾವಿರದ ನಾನೂರ ನಲವತ್ತು ಗ್ರಾಂ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗಟ್ಟಿಯಾದ, ಉಬ್ಬುತಗ್ಗಿನ ಗಡ್ಡೆ, ಮೇಲೆ ತೆಳುವಾದ ಬಿಳಿ ಪೊರೆ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಮೂರು ಅಂಗುಲದಷ್ಟು ಪೊರೆ ಸೀಳಿತ್ತು. ಸೀಳಿನೊಳಗಿಂದ ಬೂದು ಬಣ್ಣದ ತಿರುಳು ಕಾಣುತ್ತಿತ್ತು.

ಸರ್ಜನ್ ಆಗಷ್ಟೇ ಊಟ ಮುಗಿಸಿದ್ದರು. ಕರೆಸಿ ಕೇಳಿದೆ.

“ಮೇಡಂ, ಇದು ಹೊಟ್ಟೆಯೊಳಗೇ ಒಡೀತಾ?”

“ಏನು ಒಡೆಯೋದು? ಇಡಿಯಾಗಿ ತೆಗೆದಿದ್ದೀನಿ ಕಣೆ. ಮಗು ಎತ್ತೋ ಹಾಗೆ ಎರಡೂ ಕೈಲಿ ಎತ್ತಿದ್ದೀನಿ” ಎನ್ನುತ್ತಲೇ ಬಂದು ನೋಡಿದರು. ಸೀಳನ್ನು ಕಂಡ ಮೇಲೆ ಸೀದಾ ವಾರ್ಡಿನ ಜಗಲಿಗೆ ಹೋಗಿ ಆಯಾಳನ್ನು ಹಿಡಿದುಕೊಂಡರು.

“ಯಾರು ಒಡೆದಿದ್ದು ಇದನ್ನ? ಒಡೆದ್ರೆ ಹರಡುತ್ತೆ, ಪ್ರಾಣಕ್ಕೇ ಬರುತ್ತೆ, ಗೊತ್ತಾ ನಿಮಗೆ?”

ಅವರ ದನಿ ಇಡೀ ಕಟ್ಟಡಕ್ಕೆ ಕೇಳುವಂಥದ್ದು. ಜಗಲಿಯಲ್ಲಿ ಕೂತಿದ್ದ ಹುಡುಗಿಯ ಕಡೆಯವರು ಕೂತಲ್ಲೇ ತಣ್ಣಗಾದರು. ಆಯಾ ತಾನು ಗಡ್ಡೆ ಕೆಡದಂತೆ ಹಾಕುವ ಫಾರ್ಮಲಿನ್ ತರಲು ಹೋಗಿದ್ದೆ, ತಂದು ಗಡ್ಡೆಯನ್ನು ಬಕೆಟ್ಟಿಗೆ ಹಾಕಿ ಮೇಲೆ ಸುರಿದು ಮುಚ್ಚಿದೆ, ಬೇರೇನೂ ಗೊತ್ತಿಲ್ಲ ಎಂದು ಅತ್ತಳು. ಅಲ್ಲಿಗೆ ವಿಚಾರಣೆ ಮುಗಿಯಿತು. ನಾನು ಗಡ್ಡೆಯನ್ನು ಕತ್ತರಿಸಿ, ಹತ್ತಾರು ಕಡೆಯಿಂದ ಸಣ್ಣ ತುಂಡುಗಳನ್ನು ತೆಗೆದೆ. ಸೀಳಿನ ಅಂಚಿನಿಂದಲೇ ನಾಲ್ಕು ತುಂಡು ತೆಗೆದು ಬೇರೆ ಗುರುತು ಹಾಕಿದೆ.

ಆಗ ಎಲ್ಲವೂ ಕೈಕೆಲಸ. ತುಂಡುಗಳನ್ನು ಒಂದೊಂದಾಗಿ ಸ್ಪಿರಿಟ್ಟಿನಲ್ಲಿ ಅದ್ದಿ ನೀರಿನಂಶ ತೆಗೆದು, ಕರಗಿದ ಮೇಣದಲ್ಲಿ ಕೂರಿಸಿ, ಮೇಣ ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಯಂತ್ರದಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆಯಬೇಕು. ಎಷ್ಟು ಅವಸರ ಮಾಡಿದರೂ ಮೂರು ದಿನ. ಶುಕ್ರವಾರ ಮೊದಲ ಸ್ಲೈಡುಗಳು ಬಂದವು. ಮೈಕ್ರೋಸ್ಕೋಪಿನಲ್ಲಿ ದೊಡ್ಡ ದೊಡ್ಡ ತಿಳಿಯಾದ ಜೀವಕೋಶಗಳು ಗುಂಪುಗುಂಪಾಗಿ ಕೂತಿದ್ದವು. ಗುಂಪುಗಳ ನಡುವಿನ ಎಳೆಗಳಲ್ಲಿ ಸಣ್ಣ ಕಪ್ಪು ಚುಕ್ಕೆಗಳಂತೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು. ಡಿಸ್‌ಜರ್ಮಿನೋಮ. ಪುಸ್ತಕದಲ್ಲಿ ಓದಿದ್ದೆ, ಕಾಲೇಜಿನ ಪೆಟ್ಟಿಗೆಯಲ್ಲಿದ್ದ ಒಂದು ಹಳೆಯ ಸ್ಲೈಡಿನಲ್ಲಿ ನೋಡಿದ್ದೆ. ನನ್ನ ಕೈಗೆ ಬಂದದ್ದು ಅದೇ ಮೊದಲು.

ಅಪರೂಪದ ಕ್ಯಾನ್ಸರು ಇದು, ಎಳೆಯ ಹೆಣ್ಣುಮಕ್ಕಳಿಗೇ ಬರುವಂಥದ್ದು. ಬಂದವರೆಲ್ಲ ಸಾಯುವುದಿಲ್ಲ. ಯಾರು ಉಳಿಯುತ್ತಾರೆ ಎನ್ನುವುದಕ್ಕೆ ಕೆಲವು ಲೆಕ್ಕಾಚಾರಗಳಿವೆ. ಗಡ್ಡೆ ಒಂದೇ ಕಡೆ ಇದ್ದರೆ ಒಳ್ಳೆಯದು, ಎರಡೂ ಕಡೆ ಇದ್ದರೆ ಕಷ್ಟ. ಹೊಟ್ಟೆಯಲ್ಲಿ ನೀರು ತುಂಬಿರಬಾರದು, ಬೆನ್ನುಮೂಳೆಯ ಪಕ್ಕದ ಗ್ರಂಥಿಗಳು ಊದಿರಬಾರದು. ಇನ್ನೊಂದು ಜಾತಿಯ ಕೆಟ್ಟ ಜೀವಕೋಶ ಬೆರೆತಿದ್ದರೆ ಆಸೆ ಬಿಡಬೇಕು. ಈ ಹುಡುಗಿಗೆ ಇವೆಲ್ಲವೂ ಅನುಕೂಲವಾಗಿದ್ದವು. ಎಡಗಡೆ ಅಂಡಾಶಯದಿಂದ ಸರ್ಜನ್ ತೆಗೆದುಕೊಟ್ಟಿದ್ದ ಚೂರೂ ಶುದ್ಧವಾಗಿತ್ತು. ಉಳಿದದ್ದು ಒಂದೇ ಪ್ರಶ್ನೆ, ಪೊರೆ ಹೊಟ್ಟೆಯೊಳಗೆ ಸೀಳಿತೋ, ಹೊರಗೆ ಬಂದ ಮೇಲೆ ಸೀಳಿತೋ.

ಒಳಗೆ ಸೀಳಿದ್ದರೆ ಕ್ಯಾನ್ಸರಿನ ಕಣಗಳು ಹೊಟ್ಟೆಯಲ್ಲಿ ಚೆಲ್ಲಿರುತ್ತವೆ. ಆಗ ಕಿಬ್ಬೊಟ್ಟೆಗೆ ಎಕ್ಸ್‌ರೇ ಚಿಕಿತ್ಸೆ ಕೊಡಲೇಬೇಕು. ಜನ ಅದಕ್ಕೆ ಕರೆಂಟು ಕೊಡುವುದು ಎನ್ನುತ್ತಿದ್ದರು. ಅದನ್ನು ಕೊಟ್ಟರೆ ಉಳಿದಿರುವ ಎಡ ಅಂಡಾಶಯವೂ ಸುಟ್ಟುಹೋಗುತ್ತದೆ. ಹತ್ತೊಂಬತ್ತರಲ್ಲೇ ಮುಟ್ಟು ನಿಂತು, ಮಕ್ಕಳ ಆಸೆ ಮುಗಿಯುತ್ತದೆ. ಬೇಕಾಗಿದ್ದೂ ಕೊಡದಿದ್ದರೆ ಹುಡುಗಿಯೇ ಮುಗಿಯುತ್ತಾಳೆ. ಊರೊಳಗಿನ ದೊಡ್ಡ ಆಸ್ಪತ್ರೆಯ ಎಕ್ಸ್‌ರೇ ಚಿಕಿತ್ಸೆಯ ಡಾಕ್ಟರು ಸೀಳಿನ ಸುದ್ದಿ ಕೇಳಿದ ಕೂಡಲೇ ಮುಂದಿನ ಬುಧವಾರಕ್ಕೆ ದಿನ ಗೊತ್ತು ಮಾಡಿದರು. ಅದಕ್ಕೆ ಮುಂಚೆ ನನ್ನ ರಿಪೋರ್ಟು ಅವರ ಮೇಜಿನ ಮೇಲಿರಬೇಕಿತ್ತು.

ಸರ್ಜನ್ ನನ್ನೆದುರು ಬಂದು ಕೂತರು. ಮಂಗಳವಾರದ ಆರ್ಭಟ ಇಳಿದಿತ್ತು.

“ನೋಡು, ನಾನು ಇಡಿಯಾಗೇ ತೆಗೆದೆ ಅಂತ ಪ್ರಮಾಣ ಮಾಡ್ತೀನಿ. ಆದ್ರೆ ಹೊರಗೆ ಎಳೆಯುವಾಗ ಸ್ವಲ್ಪ ಬಿಗಿಯಿತ್ತು. ಹಿಂದುಗಡೆ ನನಗೆ ಕಾಣಿಸ್ತಿರಲಿಲ್ಲ. ನನ್ನ ಮಾತು ನಂಬಿ ಬರೀಬೇಡ.”

ಅವರ ಮೇಲೆ ನನಗಿದ್ದ ಗೌರವ ಆವತ್ತು ಇಮ್ಮಡಿಯಾಯಿತು.

ಶನಿವಾರ ಸೀಳಿನ ಅಂಚಿನ ಸ್ಲೈಡುಗಳು ಬಂದವು. ನಾಲ್ಕರಲ್ಲಿ ಎರಡು ಹಾಳು. ಉದ್ದಕ್ಕೂ ಗೀರು ಬಿದ್ದು, ತುಂಡು ಹರಿದುಹೋಗಿತ್ತು. ಮೈಕ್ರೋಟೋಮಿನ ಕತ್ತಿಗೆ ಮುಕ್ಕು ಬಿದ್ದರೆ ಹೀಗಾಗುತ್ತದೆ. ನಾನು ಟೆಕ್ನಿಷಿಯನ್ ಮೇಲೆ ರೇಗಿದೆ.

“ಇಂಥ ಕೇಸಿಗೇ ಮೊಂಡು ಕತ್ತಿ ಹಾಕ್ಬೇಕಾಗಿತ್ತಾ? ಚರ್ಮದ ಪಟ್ಟಿಯ ಮೇಲೆ ಉಜ್ಜೋದಕ್ಕೆ ಬೇಜಾರಾಯ್ತಾ?”

ಅವರು ಕತ್ತಿಯನ್ನು ಅರ್ಧ ಗಂಟೆ ಮಸೆದು, ಮತ್ತೆ ಅದೇ ಮೇಣದ ತುಂಡನ್ನು ಹೆರೆದರು. ನಾಲ್ಕನೇ ಪದರಕ್ಕೆ ಕರ್ ಎಂದಿತು. ಕತ್ತಿ ತೆಗೆದು ಬೆಳಕಿಗೆ ಹಿಡಿದರೆ ಹೊಸ ಮುಕ್ಕು.

“ಮೇಡಂ, ಕತ್ತಿ ತಪ್ಪಲ್ಲ. ಒಳಗೆ ಏನೋ ಗಟ್ಟಿ ಇದೆ” ಎಂದರು.

ಸೂಜಿಯಲ್ಲಿ ಮೇಣವನ್ನು ಬಿಡಿಸಿದೆವು. ಸಾಸಿವೆಗಿಂತ ಸಣ್ಣ, ಕರ್ರಗೆ ಮಿರಮಿರ ಹೊಳೆಯುವ ಕಾಳೊಂದು ಉದುರಿತು. ಬಕೆಟ್ಟಿನಲ್ಲಿ ಉಳಿದಿದ್ದ ಗಡ್ಡೆಯನ್ನು ತಂದು ಸೀಳನ್ನು ಅಗಲಿಸಿ ಭೂತಗನ್ನಡಿಯಲ್ಲಿ ನೋಡಿದರೆ ತಿರುಳಿಗೆ ಅಂಟಿಕೊಂಡು ಇನ್ನೂ ಮೂರು. ನನಗೆ ತಲೆಬುಡ ತಿಳಿಯಲಿಲ್ಲ. ಟೆಕ್ನಿಷಿಯನ್ ಒಂದನ್ನು ಉಗುರಿನ ಮೇಲಿಟ್ಟುಕೊಂಡು ನೋಡಿದರು.

“ದಂಟಿನ ಸೊಪ್ಪಿನ ಬೀಜ ಮೇಡಂ ಇದು. ನಮ್ಮ ಹಿತ್ತಲಲ್ಲೂ ಚೆಲ್ಲಿದ್ದೀವಿ.”

ನಾನು ಅವರ ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದರು, ಆದರೆ ಸಂಜೆಯವರೆಗೂ ಮುಖ ಸಡಿಲವಾಗಲಿಲ್ಲ. ತಪ್ಪು ನನ್ನದೇ ಆಗಿತ್ತು.

ಹೊಟ್ಟೆಯೊಳಗೆ ದಂಟಿನ ಬೀಜ ಇರಲು ಸಾಧ್ಯವಿಲ್ಲ. ಫಾರ್ಮಲಿನ್ನಿನಲ್ಲಿ ತಿರುಳು ಗಟ್ಟಿಯಾದ ಮೇಲೆ ಬಿದ್ದಿದ್ದರೆ ಅಂಟುತ್ತಿರಲಿಲ್ಲ. ಅಂದರೆ ಗಡ್ಡೆ ಹೊಟ್ಟೆಯಿಂದ ಹೊರಬಂದ ಮೇಲೆ, ಫಾರ್ಮಲಿನ್ನಿಗೆ ಬೀಳುವ ಮೊದಲು, ಎಲ್ಲೋ ಬೀಜವಿರುವ ಜಾಗಕ್ಕೆ ಹೋಗಿ ಬಂದಿದೆ. ಸೀಳಿನ ಅಂಚಿನಲ್ಲಿ ರಕ್ತ ಹೆಪ್ಪುಗಟ್ಟಿದ ಗುರುತೂ ಇರಲಿಲ್ಲ, ಒಳಗೆ ಸೀಳಿದ್ದರೆ ಅದು ಇರಬೇಕಿತ್ತು. ಕುಣಿಯುವಷ್ಟು ಸಂತೋಷವಾಯಿತು. ಐದು ನಿಮಿಷ ಕೂತು ಯೋಚಿಸಿದ ಮೇಲೆ ಅದು ಇಳಿಯಿತು. ಒಳಗೇ ಸೀಳಿದ್ದು, ಹೊರಗೆ ಬಂದ ಮೇಲೆ ಆ ಸೀಳಿಗೆ ಬೀಜ ಬಿದ್ದಿರಬಹುದಲ್ಲ? ಆಗ ತಾನೇ ಸೀಳಿದ್ದರೆ ರಕ್ತ ಹೆಪ್ಪುಗಟ್ಟಲು ಹೊತ್ತೂ ಸಿಕ್ಕಿರುವುದಿಲ್ಲ. ನೋಡಿದವರು ಯಾರಾದರೂ ಹೇಳಬೇಕು, ಇಲ್ಲದಿದ್ದರೆ ಕರೆಂಟೇ ಗತಿ.

ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ಹೊಟ್ಟೆಯಿಂದ ಏನು ತೆಗೆದರೂ ಅದನ್ನು ಬೇಸಿನ್ನಿನಲ್ಲಿಟ್ಟು ಹೊರಗೆ ಕಾಯುವ ಮನೆಯವರಿಗೆ ತೋರಿಸಬೇಕು. ತೋರಿಸದಿದ್ದರೆ ಏನೂ ತೆಗೆಯದೆ ಸುಮ್ಮನೆ ಹೊಲಿದುಬಿಟ್ಟರು ಎನ್ನುತ್ತಾರೆ. ಹೊಲಿಗೆ ಹಾಕುತ್ತಿದ್ದ ಸರ್ಜನ್ ಆ ದಿನವೂ ಬೇಸಿನ್ನನ್ನು ಹೊರಗೆ ಕಳಿಸಿದ್ದರು. ಆಯಾ ಜಗಲಿಯ ಬೆಂಚಿನ ಮೇಲೆ ಅದನ್ನಿಟ್ಟು ಫಾರ್ಮಲಿನ್ ತರಲು ಹೋಗಿದ್ದಳು. ಹುಡುಗಿಗೆ ಮದುವೆಯಾಗಿತ್ತು, ಕಾಯುತ್ತಿದ್ದವರು ಅವಳ ಅತ್ತೆ ಮತ್ತು ಮಾವ. ಮಾವ ಸಾರಕ್ಕಿಯಲ್ಲಿ ಸೊಪ್ಪು ಬೆಳೆಯುವವನು.

ಭಾನುವಾರ ಮಧ್ಯಾಹ್ನ ಸಾರಕ್ಕಿಗೆ ನಡೆದೆ. ಜಯನಗರದ ಕೊನೆಯ ಸೈಟಿನ ಕಲ್ಲು ದಾಟಿದರೆ ಆಚೆಗೆ ರಾಗಿ ಹೊಲ, ಆಮೇಲೆ ಕೆರೆ, ಕೆರೆಯ ಕೆಳಗೆ ಸೊಪ್ಪಿನ ಮಡಿಗಳು. ದಾರಿಯುದ್ದಕ್ಕೂ ಒಂದೇ ವಿಷಯ ಯೋಚಿಸುತ್ತಿದ್ದೆ. ಯಾವ ಉತ್ತರ ಹೇಳಿದರೆ ಸೊಸೆಗೆ ಒಳ್ಳೆಯದು ಎಂದು ಆ ಮನುಷ್ಯನಿಗೆ ಸುಳಿವು ಸಿಕ್ಕರೆ, ಅವನು ಅದನ್ನೇ ಹೇಳುತ್ತಾನೆ. ಆಗ ಅವನ ಮಾತಿಗೆ ಬೆಲೆಯಿಲ್ಲ. ಹಾಗಾಗಿ ಏನನ್ನೂ ಬಿಟ್ಟುಕೊಡಬಾರದು, ಮುಖವನ್ನೂ ಗಂಟು ಹಾಕಿಕೊಂಡೇ ಇರಬೇಕು ಎಂದು ನಿಶ್ಚಯಿಸಿದೆ. ಮುಖ ಗಂಟು ಹಾಕುವುದು ನನಗೆ ಕಷ್ಟದ ಕೆಲಸವೇನಲ್ಲ.

ಮಾವ ಮಡಿಗೆ ನೀರು ತಿರುಗಿಸುತ್ತಿದ್ದ. ಐವತ್ತು ದಾಟಿದ, ಬಡಕಲು ಆಳು. ನನ್ನನ್ನು ಕಂಡು ಗುದ್ದಲಿ ಬಿಟ್ಟು ಬಂದ.

“ಮಗಿಗೇನಾದ್ರೂ ಆಯ್ತಾ ಡಾಕ್ಟ್ರಮ್ಮ?”

“ಏನೂ ಆಗಿಲ್ಲ. ಮಂಗಳವಾರ ಜಗಲೀಲಿ ಗಡ್ಡೆ ಇಟ್ಟಿದ್ರಲ್ಲ, ಆಗ ಏನಾಯ್ತು ಹೇಳಿ.”

“ಏನೂ ಇಲ್ಲ ಕಣವ್ವ. ದೂರದಿಂದ ನೋಡಿ ಕೈ ಮುಗ್ದೊ, ಅಷ್ಟೇಯ.”

ಸೆರಗಿನ ತುದಿಯಲ್ಲಿದ್ದ ಕಾಗದದ ಪೊಟ್ಟಣ ಬಿಚ್ಚಿ ಬೀಜ ತೋರಿಸಿದೆ. “ಇದು ಗಡ್ಡೆಯೊಳಗೆ ಸಿಕ್ತು. ನಾನು ಬಯ್ಯೋಕೆ ಬಂದಿಲ್ಲ, ಪೊಲೀಸರಿಗೂ ಹೇಳಲ್ಲ. ನನಗೆ ನಡೆದಿದ್ದು ನಡೆದ ಹಾಗೆ ಬೇಕು.”

ಅವನು ಬೀಜವನ್ನು ನೋಡಿದ, ನನ್ನನ್ನು ನೋಡಿದ. ಹಾಗೆಯೇ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ.

“ನಾನೇ ಕಣವ್ವ. ಸಂತೆಯಿಂದ ನೆಟ್ಟಗೆ ಅಲ್ಲಿಗೇ ಬಂದಿದ್ದೆ. ಬೀಜ ತೂಗೋ ತಕ್ಕಡಿ ಚೀಲದಾಗೇ ಇತ್ತು. ನಮ್ಮೋಳು ನೋಡೋಕಾಗ್ದೆ ಆಚೆ ಹೋದ್ಲು, ನಾನು ತೂಗಿ ನೋಡ್ದೆ.”

“ತೂಗೋದಾ? ಯಾಕೆ?”

“ಆ ಮಗು ಆರು ತಿಂಗ್ಳಿಂದ ಸೊಂಟ ನೋವು, ಹೊಟ್ಟೆ ನೋವು ಅಂತಿತ್ತು. ಸೋಂಬೇರಿ, ಕೆಲ್ಸಗಳ್ಳಿ ಅಂತ ಮನೇವ್ರೂ ಅಂದ್ರು, ಬೀದಿಯೋರೂ ಅಂದ್ರು. ನಾನೂ ಒಂದ್ಸಲ ಅಂದಿದ್ದೆ. ಇಷ್ಟು ಭಾರ ಹೊಟ್ಟೇಲಿ ಹೊತ್ಕೊಂಡು ಸೊಪ್ಪು ಕಿತ್ತಾಕಿತ್ತಲ್ರೋ ಅಂತ ಊರೋರ ಮುಂದೆ ಹೇಳ್ಬೇಕು ಅನ್ನಿಸ್ತು. ತೂಕ ಗೊತ್ತಿಲ್ದೆ ಹೆಂಗೆ ಹೇಳೋದು?”

ಇನ್ನೊಂದನ್ನು ಕೇಳಲೇಬೇಕಾಗಿತ್ತು. “ತಕ್ಕಡಿಗೆ ಹಾಕೋಕೆ ಮುಂಚೆ ಹೇಗಿತ್ತು?”

“ಸುತ್ತಾ ತಿರುಗ್ಸಿ ನೋಡ್ದೆ. ಉಬ್ಬಿತ್ತು, ತಗ್ಗಿತ್ತು, ಆದ್ರೆ ಮೇಲ್ಗಡೆ ಎಳೇ ಸೋರೆಕಾಯಂಗೆ ನುಣ್ಣಗಿತ್ತು. ತೂಕ ನೋಡಿ ಇಳಿಸೋವಾಗ ತಟ್ಟೆ ವಾಲ್ತು. ಸರಪಳಿ ಕೊಕ್ಕೆ ಸಿಕ್ಕಾಕ್ಕೊಂಡು ಪರ್ ಅಂತು. ಕೆಳಕ್ಕೆ ಬೀಳೋವಷ್ಟ್ರಲ್ಲಿ ಹಿಡ್ಕಂಡೆ. ಸೀಳಿದ ಕಡೆ ಕೆಳಗೆ ಮಾಡಿ ಬೇಸಿನ್ನಿಗೆ ಹಾಕ್ಬುಟ್ಟೆ. ಆಮೇಲೆ ಆ ದೊಡ್ಡ ಡಾಕ್ಟ್ರಮ್ಮ ಕೂಗಿದ್ದು ಕೇಳಿ ಕೈಕಾಲೇ ಆಡಲಿಲ್ಲ.”

“ಎಷ್ಟು ತೂಗಿತು?”

“ಒಂದೂವರೆ ಕೇಜಿಗೆ ಒಂದೈವತ್ತು ಗ್ರಾಮು ಕಮ್ಮಿ. ಸರ್ಕಾರದ ಮೊಹರು ಇರೋ ಹೊಸಾ ಬಟ್ಟು, ಸುಳ್ಳು ಹೇಳಲ್ಲ.”

ಸಾವಿರದ ನಾನೂರ ಐವತ್ತು. ನನ್ನ ನೋಟ್‌ಬುಕ್ಕಿನಲ್ಲಿದ್ದದ್ದು ಸಾವಿರದ ನಾನೂರ ನಲವತ್ತು. ಆ ನೋಟ್‌ಬುಕ್ಕನ್ನು ನಾನು, ಟೆಕ್ನಿಷಿಯನ್ ಬಿಟ್ಟು ಬೇರೆ ಯಾರೂ ನೋಡಿರಲಿಲ್ಲ, ಸರ್ಜನ್ ಕೂಡ. ಈ ಮನುಷ್ಯ ತೂಗಿದ್ದು ನಿಜ. ತೂಗಿದವನು ಸುತ್ತಲೂ ನೋಡಿದ್ದೂ ನಿಜವಾಗಿರಲೇಬೇಕು. ತರಕಾರಿಯವನು ನೋಡದೆ ಯಾವುದನ್ನೂ ತಕ್ಕಡಿಗೆ ಹಾಕುವುದಿಲ್ಲ. ಅವನಿಗೆ ಒಂದು ಮಾತೂ ಹೇಳದೆ, ಗಂಟು ಮುಖದಲ್ಲೇ ಎದ್ದೆ. ಕೆರೆಯ ಏರಿ ದಾಟಿದ ಮೇಲೆ ಯಾರೂ ಇಲ್ಲದ್ದು ನೋಡಿ ಜೋರಾಗಿ ನಕ್ಕೆ, ಕಣ್ಣಲ್ಲಿ ನೀರೂ ಬಂತು.

ಸೋಮವಾರ ರಿಪೋರ್ಟು ಬರೆಯಲು ಕೂತೆ. ‘ಪೊರೆ ಸೀಳಿದೆ’ ಎಂದಷ್ಟೇ ಬರೆದು ನಿರ್ಧಾರವನ್ನು ಇತರರಿಗೆ ಬಿಡಬಹುದಿತ್ತು. ಪೆಥಾಲಜಿಸ್ಟಿನ ಕೆಲಸ ಕಂಡದ್ದನ್ನು ಬರೆಯುವುದು, ಕೇಳಿದ್ದನ್ನಲ್ಲ ಎಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ನಾನು ತಪ್ಪಿದ್ದರೆ ಹುಡುಗಿ ಎರಡು ವರ್ಷದಲ್ಲಿ ಹೋಗಿಬಿಡುತ್ತಾಳೆ, ಆ ಸಾವಿಗೆ ನನ್ನ ಸಹಿ ಇರುತ್ತದೆ. ಎರಡು ಸಲ ಪೆನ್ನು ಮುಚ್ಚಿಟ್ಟೆ. ಕೊನೆಗೆ ‘ಶರೀರದಲ್ಲಿದ್ದಾಗ ಪೊರೆ ಅಖಂಡವಾಗಿತ್ತು, ಸೀಳು ಹೊರತೆಗೆದ ನಂತರದ್ದು ಎಂಬುದು ನನ್ನ ಅಭಿಪ್ರಾಯ’ ಎಂದು ಬರೆದು, ಕಾರಣಗಳನ್ನೆಲ್ಲ ಕೆಳಗೆ ಕೊಟ್ಟು ಸಹಿ ಹಾಕಿದೆ.

ಮಂಗಳವಾರ ಸರ್ಜನ್ ಜೊತೆ ಎಕ್ಸ್‌ರೇ ಚಿಕಿತ್ಸೆಯ ಡಾಕ್ಟರ ಕೋಣೆಗೆ ಹೋದೆ. ನಗುವೇ ಗೊತ್ತಿಲ್ಲದ ಮನುಷ್ಯ.

“ಸೊಪ್ಪು ಮಾರೋನ ಮಾತಿನ ಮೇಲೆ ನಾನು ಟ್ರೀಟ್‌ಮೆಂಟ್ ನಿಲ್ಲಿಸ್ಬೇಕಾ?”

ಬೀಜದ ಪೊಟ್ಟಣ, ಸ್ಲೈಡುಗಳು, ನೋಟ್‌ಬುಕ್ಕು ಮೂರನ್ನೂ ಅವರ ಮುಂದಿಟ್ಟೆ. ಅವರು ತೂಕದ ಮೇಲೆ ಬೆರಳಿಟ್ಟುಕೊಂಡು ಕೇಳಿದರು. “ಯಾವ ಉತ್ತರ ಬಂದ್ರೆ ಒಳ್ಳೇದು ಅಂತ ಅವನಿಗೆ ಗೊತ್ತಿತ್ತಾ?”

“ಇಲ್ಲ ಸಾರ್. ಹೇಳಿದ್ರೆ ತನ್ನ ಮೇಲೆ ಬರುತ್ತೆ ಅಂತ ಹೆದರಿಕೊಂಡೇ ಹೇಳಿದ್ದು.”

ಅವರು ಬುಧವಾರದ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. “ಈ ಗಡ್ಡೆಗೆ ಎಕ್ಸ್‌ರೇ ಚೆನ್ನಾಗಿ ಹತ್ತುತ್ತೆ. ಮರಳಿ ಬಂದ್ರೂ ಆಗ ಕೊಡೋಕೆ ದಾರಿ ಇದೆ. ಆದ್ರೆ ತಿಂಗಳಿಗೊಮ್ಮೆ ಬರಬೇಕು, ಒಂದು ಸಲವೂ ತಪ್ಪಿಸೋ ಹಾಗಿಲ್ಲ.” ಹೊರಗೆ ಬಂದು ಸರ್ಜನ್ ನನ್ನ ಕೈ ಹಿಡಿದುಕೊಂಡು ನಿಂತರು. ಅಂದಿನಿಂದ ಫಾರ್ಮಲಿನ್ ಕಾಣದೆ ಯಾವ ಗಡ್ಡೆಯೂ ಆಪರೇಷನ್ ಥಿಯೇಟರಿನ ಬಾಗಿಲು ದಾಟಲಿಲ್ಲ.

ಹುಡುಗಿ ತಿಂಗಳಿಗೊಮ್ಮೆ ಬಂದಳು, ಎರಡನೇ ವರ್ಷ ಮೂರು ತಿಂಗಳಿಗೊಮ್ಮೆ. ಹೊಟ್ಟೆ ಮೆತ್ತಗಿತ್ತು, ಎದೆಯ ಎಕ್ಸ್‌ರೇ ತಿಳಿಯಾಗಿತ್ತು, ಮೈ ತುಂಬಿಕೊಂಡಿತ್ತು. ಎರಡು ವರ್ಷ ತುಂಬುವ ಹೊತ್ತಿಗೆ ಬಸುರಿಯಾಗಿದ್ದಳು. ಆವತ್ತು ಸರ್ಜನ್ ಪರೀಕ್ಷೆ ಮುಗಿಸಿದ ಮೇಲೆ ಅವಳು ನನ್ನ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು.

“ನಮ್ಮ ಮಾವ ಆಚೆ ಮರದ ಕೆಳಗೆ ಕೂತವ್ರೆ ಅಕ್ಕ. ಪ್ರತಿ ಸಲ ಅವ್ರೇ ಕರ್ಕೊಂಡು ಬರೋದು, ಒಳಕ್ಕೆ ಮಾತ್ರ ಬರಲ್ಲ. ಮನೇಲೂ ನನ್ನ ಮುಖ ನೋಡಿ ಮಾತಾಡಲ್ಲ. ಹಾಲು ಕಾಸ್ತಿದ್ದಂಗೆ ಮೊದ್ಲು ಅವಳಿಗೆ ಕೊಡು ಅಂತ ಅತ್ತೆಗೆ ಹೇಳ್ತಾರೆ. ನಾನೇನು ತಪ್ಪು ಮಾಡ್ದೆ ಅಂತ ಗೊತ್ತಿಲ್ಲ. ನೀವಾದ್ರೂ ಕೇಳ್ತೀರಾ?”

ನನ್ನ ಕೈಯಲ್ಲಿದ್ದ ಸ್ಲೈಡು ಅಲ್ಲೇ ನಿಂತಿತು. ಆ ಭಾನುವಾರ ನಾನು ಅವನಿಗೆ ಏನೂ ಹೇಳದೆ ಎದ್ದು ಬಂದಿದ್ದೆ. ರಿಪೋರ್ಟು ಸೇರಬೇಕಾದ ಕಡೆ ಸೇರಿತು, ಡಾಕ್ಟರುಗಳು ನಿಟ್ಟುಸಿರು ಬಿಟ್ಟರು, ನಮಗೆಲ್ಲ ಎಲ್ಲವೂ ತಿಳಿಯಿತು. ಅವನಿಗೆ ಮಾತ್ರ ಯಾರೂ ಹೇಳಲಿಲ್ಲ. ಅವನು ಕೇಳಿದ್ದು ಎರಡೇ ಮಾತು, ಒಡೆದರೆ ಹರಡುತ್ತೆ, ಮತ್ತು ಕರೆಂಟು ಬೇಡ ಎಂದರಂತೆ. ಅವನ ಮಟ್ಟಿಗೆ ಕರೆಂಟು ಬೇಡ ಎಂದರೆ ಡಾಕ್ಟರುಗಳು ಕೈಬಿಟ್ಟರು ಎಂದೇ ಅರ್ಥ.

ಓಡಿಕೊಂಡೇ ಹೊರಗೆ ಹೋದೆ. ನನ್ನನ್ನು ಕಂಡು ಅವನು ಎದ್ದು ನಿಂತ, ಮುಖ ಬಿಳಿಚಿಕೊಂಡಿತ್ತು.

“ಹೇಳ್ಬುಡಿ ಡಾಕ್ಟ್ರಮ್ಮ. ಗಡ್ಡೆ ಮತ್ತೆ ಬಂದುಬುಡ್ತಾ?”

“ಏನೂ ಬಂದಿಲ್ಲ. ಬರೋ ಹಾಗೂ ಕಾಣಲ್ಲ. ನೀವು ಅವತ್ತು ನಿಜ ಹೇಳಿದ್ರಿಂದಲೇ ಕರೆಂಟು ತಪ್ಪಿದ್ದು. ಗಡ್ಡೆ ಹೊಟ್ಟೆಯೊಳಗೆ ಒಡೆದಿದ್ರೆ ಕೆಡುಕು, ಹೊರಗೆ ಒಡೆದ್ರೆ ಏನೂ ಇಲ್ಲ. ಹೊರಗೇ ಒಡೀತು ಅಂತ ನೀವು ಹೇಳದೆ ಇದ್ದಿದ್ರೆ ಈ ಮಗು ಆಗ್ತಾನೇ ಇರಲಿಲ್ಲ. ಇದನ್ನ ನಿಮಗೆ ಆ ವಾರವೇ ಬಂದು ಹೇಳ್ಬೇಕಾಗಿತ್ತು. ನಾನು ಹೇಳಲಿಲ್ಲ, ನನ್ನದು ದೊಡ್ಡ ತಪ್ಪು.”

ಅವನು ನನ್ನ ಮಾತನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಮರಕ್ಕೆ ಕೈಯೂರಿ ನಿಧಾನವಾಗಿ ಕೆಳಗೆ ಕೂತ.

“ಎರಡು ವರ್ಷದಿಂದ ನಾನು ತಕ್ಕಡಿ ಮುಟ್ಟಿಲ್ಲ ಕಣವ್ವ” ಎಂದ. “ಮಗನೇ ತೂಗ್ತಾನೆ. ಈ ಕೈಯಾರೆ ಆ ಮಗೀನ ಕೊಂದ್ಬುಟ್ಟೆ ಅಂತ, ದಿನಾ ಎದ್ದ ತಕ್ಷಣ ಉಸಿರಾಡ್ತೈತಾ ಅಂತ ಬಾಗ್ಲಲ್ಲಿ ನಿಂತು ಕೇಳಿಸ್ಕಂತಿದ್ದೆ.”

ಹುಡುಗಿ ನನ್ನ ಹಿಂದೆಯೇ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಟ್ಟೆ ಹಿಡಿದುಕೊಂಡು, ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಮಾವ ತಲೆಯೆತ್ತಿ ಅವಳ ಮುಖವನ್ನು ನೋಡಿದ.